ಹಾಡು ಇದ್ದ ಜಾಗ

ಮೊಮ್ಮಗಳು ಬೆಲ್‌ಬಾಟಮ್ ಹಾಕಿಕೊಂಡು ಹಾಲ್‌ಗೆ ಬಂದು ನಿಂತಾಗ ನನ್ನ ಬೆನ್ನು ಉರಿಯಿತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಉರಿಯಿತು. ಅವಳ ಶಾಲೆಯಲ್ಲಿ ರೆಟ್ರೋ ಡೇ ಅಂತೆ. ಎಪ್ಪತ್ತರ ದಶಕದ ಹುಡುಗ ಹುಡುಗಿಯರ ಹಾಗೆ ವೇಷ ಹಾಕಿಕೊಂಡು ಹೋಗಿ, ಆ ಕಾಲದ ಹಾಡಿಗೆ ಕುಣಿಯಬೇಕಂತೆ. ಪ್ಯಾಂಟು ಆನ್‌ಲೈನಿನಲ್ಲಿ ತರಿಸಿದ್ದು. ಮೊಣಕಾಲಿನವರೆಗೆ ಬಿಗಿ, ಅಲ್ಲಿಂದ ಕೆಳಗೆ ಆನೆಯ ಕಿವಿ. ಹೊಲಿಗೆ ಬಹಳ ಕೆಟ್ಟದಾಗಿತ್ತು.

"ಅಜ್ಜ, ಸೆವೆಂಟೀಸ್‌ನಲ್ಲಿ ನೀವು ಯಂಗ್ ಇದ್ರಲ್ಲ? ಫುಲ್ ಫನ್ ಅಲ್ವಾ? ಟೀಚರ್ ಹೇಳಿದ್ರು, ಆಗ ಎಲ್ಲ ಪೀಸ್, ಲವ್, ಮ್ಯೂಸಿಕ್ ಅಂತ."

"ಪೀಸೂ ಇರ್ಲಿಲ್ಲ, ಲವ್ವೂ ಇರ್ಲಿಲ್ಲ. ಇದ್ದದ್ದು ಪೆಟ್ಟು," ಅಂದೆ.

ಅವಳು ನಕ್ಕಳು. ಸೋಫಾದ ಮೇಲೆ ಕೂತಿದ್ದ ನನ್ನ ಹೆಂಡತಿ ನಗಲಿಲ್ಲ. ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಿವಿಯನ್ನು ಮುಂದೆ ಕೊಟ್ಟು, ಸುಮ್ಮನಿರು ಎಂಬಂತೆ ನನ್ನನ್ನು ನೋಡಿದಳು. ಅವಳು ಯಾರ ಮಾತನ್ನಾದರೂ ಕೇಳುವುದು ಹೀಗೆಯೇ. ಎಡಗಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಹೋಯಿತು ಎಂದು ನಮ್ಮ ಮಕ್ಕಳು, ಸೊಸೆ, ಮೊಮ್ಮಗಳು ಎಲ್ಲರೂ ನಂಬಿದ್ದಾರೆ. ಆ ಜ್ವರದ ಕಥೆಯನ್ನು ಕಟ್ಟಿದವಳು ಅವಳೇ. ನಿಜ ಏನೆಂದು ದೋಹಾದ ಹೊರಗಿರುವ ಈ ಇಡೀ ಉಮ್ಮ್ ಸಲಾಲ್ ಊರಿನಲ್ಲಿ ನಮ್ಮಿಬ್ಬರಿಗೇ ಗೊತ್ತು. ಅದನ್ನು ನಾನು ಬಾಯಲ್ಲಿ ಹೇಳಬಾರದು ಎಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಬರೆಯಬಾರದು ಎಂದು ಹೇಳಿಲ್ಲ. ಮೊಮ್ಮಗಳಿಗೆ ಕನ್ನಡ ಓದಲು ಬಾರದು. ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ನಾನು ದೋಹಾಕ್ಕೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಮೀಸೆ ಸರಿಯಾಗಿ ಮೂಡುವ ಮೊದಲು. ಕರೆಸಿದ್ದು ಮಾಮ, ನನ್ನ ಉಮ್ಮನ, ಎಂದರೆ ತಾಯಿಯ, ದೊಡ್ಡಣ್ಣ. ಅವರು ದೋಹಾ ಅಲ್ ಜದೀದಾದಲ್ಲಿ ಒಬ್ಬ ಅರಬಿಯ ಹೊಲಿಗೆ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದರು. ಅಂಗಡಿಯ ಹಿಂದೆಯೇ ನಮ್ಮ ಕೋಣೆ. ದಕ್ಷಿಣ ಕನ್ನಡದ ಕರಾವಳಿಯ ಬ್ಯಾರಿಗಳು ನಾವು, ಒಂದೇ ಕೋಣೆಯಲ್ಲಿ ಚಾಪೆ ತುಂಬ ಜನ. ಅವರಲ್ಲಿ ಮುಕ್ಕಾಲು ಪಾಲಿಗೆ ವೀಸಾ ಕೊಡಿಸಿದವರು ಮಾಮನೇ.

ವೀಸಾ ಕೊಡಿಸಿದವರು ಎಂದರೆ ಆಗ ಏನು ಎಂದು ಈಗಿನವರಿಗೆ ಅರ್ಥವಾಗುವುದಿಲ್ಲ. ಅವರು ತಂದೆಯ ಸಮಾನ. ಅಲ್ಲ, ತಂದೆಗಿಂತ ಒಂದು ಕೈ ಮೇಲೆ. ಅವರು ಊಟಕ್ಕೆ ಕೂರುವ ಮೊದಲು ನಾವು ಕೂರುವಂತಿಲ್ಲ. ಅವರು ಬೈದರೆ ತಲೆ ತಗ್ಗಿಸಬೇಕು, ಹೊಡೆದರೆ ಬೆನ್ನು ಕೊಡಬೇಕು. ಮಾಮ ಮುಂಡಿನ ಮೇಲೆ ಅಗಲವಾದ ಹಸಿರು ಬೆಲ್ಟು ಕಟ್ಟುತ್ತಿದ್ದರು. ಬೆಲ್ಟಿನ ಒಂದು ಕಡೆ ದುಡ್ಡಿಡುವ ಜೇಬು, ಇನ್ನೊಂದು ಕಡೆ ನಮ್ಮ ಬೆನ್ನು. ಕೋಣೆಯಲ್ಲಿ ಆ ಬೆಲ್ಟಿನ ರುಚಿ ಕಾಣದವರು ಯಾರೂ ಇರಲಿಲ್ಲ, ಮದುವೆಯಾಗಿ ಮಕ್ಕಳಿದ್ದವರೂ ಸೇರಿ.

ಅದೇ ಮಾಮ ಗುರುವಾರ ಸಂಜೆ ಬೇರೆ ಮನುಷ್ಯ. ಶುಕ್ರವಾರ ರಜೆ, ಆದ್ದರಿಂದ ಗುರುವಾರ ಸಂಜೆ ಕೋಣೆಯಲ್ಲಿ ದಫ್. ಅವರು ಸ್ಟೌ ಉರಿಸಿ ದಫ್ಫಿನ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಿದ್ದರು, ಕಿವಿಯ ಹತ್ತಿರ ತಂದು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ನಾವು ಸುತ್ತ ಕೂರುತ್ತಿದ್ದೆವು. ಅವರು ಒಂದು ಸಾಲು ಎತ್ತಿದರೆ ನಾವು ಮರುಸಾಲು ಹೇಳಬೇಕು. ಅವರ ಕಂಠ ಒಳ್ಳೆಯದಿತ್ತು, ಸುಳ್ಳು ಹೇಳಬಾರದು. ಅವರ ತಂಗಿ, ಎಂದರೆ ನನ್ನ ಉಮ್ಮ, ಅವರಿಗಿಂತಲೂ ಚೆನ್ನಾಗಿ ಹಾಡುತ್ತಿದ್ದಳು. ಸುತ್ತಲಿನ ನಾಲ್ಕೂರಿನಲ್ಲಿ ಮದುವೆಯಾದರೆ ಮದರಂಗಿಯ ದಿನ ಉಮ್ಮ ಹೋಗಲೇಬೇಕು. ಅವಳು ಕೈ ತಟ್ಟಿ ಮೊದಲ ಸಾಲು ಎತ್ತದೆ ಮದುಮಗಳ ಕೈಗೆ ಮದರಂಗಿ ಬೀಳುತ್ತಿರಲಿಲ್ಲ.

ಮೊದಲ ಎರಡು ಮೂರು ವರ್ಷ ಎಲ್ಲ ಹೀಗೇ ಇತ್ತು. ಆಮೇಲೆ ಬಂತು ಕ್ಯಾಸೆಟ್.

ಹಾಡು ಬದಲಾದದ್ದು ನನಗೆ ಮೊದಲು ಕಿವಿಯಲ್ಲಿ ಗೊತ್ತಾದದ್ದಲ್ಲ, ಅಳತೆ ಟೇಪಿನಲ್ಲಿ ಗೊತ್ತಾಯಿತು. ನಾನು ದರ್ಜಿ. ಅಂಗಡಿಗೆ ಬರುವ ಹುಡುಗರು ಪ್ರತಿ ಸಲವೂ ಪ್ಯಾಂಟಿನ ಬುಡ ಇನ್ನೂ ಅಗಲ ಇರಲಿ ಎನ್ನುತ್ತಿದ್ದರು. ಲೆಬನಾನಿನವರು, ಪಾಕಿಸ್ತಾನದವರು, ದೊಡ್ಡ ಕಾರಿನಲ್ಲಿ ಬರುವ ಅರಬಿ ಹುಡುಗರು, ನಮ್ಮ ಕಡೆಯವರು, ಎಲ್ಲರಿಗೂ ಒಂದೇ ಹುಚ್ಚು. ಕಾಲರು ನಾಯಿಯ ನಾಲಿಗೆಯಷ್ಟು ಉದ್ದ, ಕೂದಲು ಕಿವಿ ಮುಚ್ಚುವಷ್ಟು, ಕೆನ್ನೆಯ ಮೇಲೆ ದಪ್ಪ ಕೃದಾ. ಅಳತೆ ಕೊಡುವಾಗಲೂ ಅವರ ಕಾಲು ಸುಮ್ಮನಿರುತ್ತಿರಲಿಲ್ಲ, ಯಾವುದೋ ತಾಳಕ್ಕೆ ಕುಣಿಯುತ್ತಿತ್ತು. "ನಿಲ್ಲು ಮಾರಾಯ, ಅಳತೆ ತಪ್ಪುತ್ತದೆ" ಎಂದು ನಾನು ಎಲ್ಲ ಭಾಷೆಯಲ್ಲೂ ಹೇಳಲು ಕಲಿತೆ.

ಆ ತಾಳ ಬರುತ್ತಿದ್ದದ್ದು ಎದುರಿನ ಕ್ಯಾಸೆಟ್ ಅಂಗಡಿಯಿಂದ. ನಾವು ಊರಿನ ರೇಡಿಯೋದಲ್ಲಿ ಕೇಳಿದ ಸಿನಿಮಾ ಹಾಡುಗಳಲ್ಲಿ ಪಿಟೀಲು ಅಳುತ್ತಿತ್ತು, ಹುಡುಗ ಹುಡುಗಿ ಮರದ ಹಿಂದೆ ನಿಂತು ಚಂದ್ರನಿಗೆ ದೂರು ಹೇಳುತ್ತಿದ್ದರು. ಈಗ ಬಂದ ಹಾಡಿನಲ್ಲಿ ಗಿಟಾರು, ಡ್ರಮ್ಮು, ಉಸಿರು ಬಿಡುವ ಹೆಂಗಸಿನ ದನಿ. ಚಂದ್ರನ ಸುದ್ದಿಯೇ ಇಲ್ಲ, ನೇರ "ನೀನು ಬೇಕು" ಎಂಬ ಮಾತು. ದಶಕದ ಕೊನೆಗೆ ಮಾತೂ ಹೋಯಿತು. ಮಿಷಿನು ಬಡಿದಂತೆ ದಬ್ ದಬ್ ಎಂಬ ಒಂದೇ ಏಟು ಉಳಿಯಿತು. ನನಗೆ ಎಲ್ಲವೂ ಇಷ್ಟವಾಗಿತ್ತು.

ಪಕ್ಕದ ಕೋಣೆಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದ, ಧಾರವಾಡದ ಕಡೆಯವನು. ಇಡೀ ಓಣಿಯಲ್ಲಿ ಅವನದೇ ಉದ್ದ ಕೂದಲು. ಸ್ವಂತ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದ. ಗುರುವಾರ ಸಂಜೆ ನಮ್ಮ ದಫ್ಫಿನ ಸುತ್ತ ಕೂತವರು ಒಬ್ಬೊಬ್ಬರೇ ಎದ್ದು ಅವನ ಕೋಣೆಗೆ ಜಾರತೊಡಗಿದರು. ಮರುಸಾಲಿನ ಗಂಟಲು ಕಡಿಮೆಯಾಗುತ್ತ ಹೋದದ್ದು ಮಾಮನಿಗೆ ಕೇಳಿಸುತ್ತಿತ್ತು. ಕಣ್ಣು ಮುಚ್ಚಿ ಹಾಡುತ್ತಿದ್ದವರು ಕಣ್ಣು ತೆರೆದು ಹಾಡಲು ಶುರು ಮಾಡಿದರು, ಯಾರು ಎದ್ದರು ಎಂದು ನೋಡುವುದಕ್ಕೆ.

ನಾನು ಉಳಿದ ಬಟ್ಟೆಯಲ್ಲಿ ನನಗೂ ಒಂದು ಬೆಲ್‌ಬಾಟಮ್ ಹೊಲಿದುಕೊಂಡೆ. ಹಾಕಿಕೊಂಡು ಸಿನಿಮಾಕ್ಕೆ ಹೊರಟಾಗ ಮಾಮ ಬಾಗಿಲಲ್ಲಿ ತಡೆದರು.

"ಎಂತ ಇದು? ಹೆಂಗಸರ ಲಂಗವಾ?"

"ಅಂಗಡಿಯಲ್ಲಿ ದಿನಾ ಹೊಲಿತೇವಲ್ಲ ಮಾಮ."

"ಗಿರಾಕಿಗೆ ಹೊಲಿಯುದು ಬೇರೆ. ನನ್ನ ತಂಗಿಯ ಮಗ ಹಾಕುದು ಬೇರೆ."

ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ತಂದು, ನನ್ನನ್ನು ಗೋಡೆಗೆ ಒತ್ತಿ, ಎರಡೂ ಕಾಲನ್ನು ಬುಡದಿಂದ ಮೊಣಕಾಲಿನವರೆಗೆ ಸೀಳಿದರು. ಕತ್ತರಿಯ ತುದಿ ಮೀನಖಂಡಕ್ಕೆ ತಾಗಿ ರಕ್ತ ಬಂತು. ಆ ಗೀರು ಈಗಲೂ ಇದೆ. ಎಲ್ಲರೂ ನೋಡುತ್ತಿದ್ದರು. ಆಮೇಲೆ ಬೆಲ್ಟು ಬಿಚ್ಚಿದರು. ನಾನು ಬೆನ್ನು ಕೊಟ್ಟೆ. ಪೆಟ್ಟು ಮುಗಿದ ಮೇಲೆ ಸೀಳಿದ ಪ್ಯಾಂಟಿಗೆ ಪಿನ್ನು ಹಾಕಿಕೊಂಡು ಅದರಲ್ಲೇ ಸಿನಿಮಾಕ್ಕೆ ಹೋದೆ. ಮುಂದಿನ ವಾರ ಇಬ್ಬರು ಪಾಕಿಸ್ತಾನಿ ಹುಡುಗರು ಅಂಗಡಿಗೆ ಬಂದು, ಸೀಳಿ ಪಿನ್ನು ಹಾಕಿದ ಹೊಸ ಫ್ಯಾಷನ್ ಪ್ಯಾಂಟು ನಮಗೂ ಬೇಕು ಎಂದರು. ಮಾಮನೇ ಅಳತೆ ತೆಗೆದುಕೊಂಡರು.

ಆ ದಶಕದ ನಡುವೆ ರಜೆಗೆ ಹೋದಾಗ ನನ್ನ ಮದುವೆಯಾಯಿತು. ಹೆಂಡತಿಯ ಜೊತೆ ಕೆಲವು ವಾರ ಇದ್ದು ವಾಪಸ್ ಬಂದೆ. ಅವಳು ಉಮ್ಮನ ಜೊತೆ ನಮ್ಮ ಮನೆಯಲ್ಲಿ ಉಳಿದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಕಾಗದ ಬರೆದರೆ ಅದನ್ನು ಪಕ್ಕದ ಮನೆಯ ಮೇಷ್ಟ್ರು ಜಗಲಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳಬೇಕು. ಹಾಗಾಗಿ ನಮ್ಮ ಕೋಣೆಯಲ್ಲಿ ಕಾಗದದ ಬದಲು ಕ್ಯಾಸೆಟ್ ಕಳಿಸುವ ಪದ್ಧತಿ ಬಂತು. ಮಾಮ ಊರಿಗೆ ಒಂದು ಟೂ-ಇನ್-ಒನ್ ತಂದುಕೊಟ್ಟಿದ್ದರು. ರೇಡಿಯೋವೂ ಅದೇ, ಟೇಪ್ ರೆಕಾರ್ಡರೂ ಅದೇ. ಮಾತು ತುಂಬಿಸಲೆಂದೇ ಕೋಣೆಯಲ್ಲೂ ಒಂದು ಟೇಪ್ ರೆಕಾರ್ಡರ್ ತಂದಿಟ್ಟರು.

ಈ ಕ್ಯಾಸೆಟ್ಟಿನ ವ್ಯವಹಾರ ಹೇಗೆಂದರೆ, ನಮ್ಮ ಮನೆಗೂ ಕೋಣೆಗೂ ಇದ್ದದ್ದು ಒಂದೇ ಕ್ಯಾಸೆಟ್. ನಾವು ಮಾತು ತುಂಬಿಸಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಊರಿನವರು ಅದನ್ನು ಕೇಳಿ, ನಮ್ಮ ಮಾತಿನ ಮೇಲೆಯೇ ತಮ್ಮ ಮಾತು ತುಂಬಿಸಿ, ಇಲ್ಲಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಹೊಸ ಮಾತು ಬಂದಾಗ ಹಳೆಯದು ಅಳಿದುಹೋಗುತ್ತಿತ್ತು. ಯಾರ ದನಿಯನ್ನೂ ಯಾರೂ ಉಳಿಸಿಕೊಳ್ಳಲಿಲ್ಲ. ಕ್ಯಾಸೆಟ್ ಬಂದರೆ ಶುಕ್ರವಾರ ನಮಾಜು, ಊಟ ಮುಗಿಸಿ, ಇಡೀ ಕೋಣೆ ಸುತ್ತ ಕೂತು ಕೇಳಬೇಕು. ನನ್ನ ಹೆಂಡತಿ ನನಗೆ ಹೇಳುವ ಮಾತನ್ನು ಅಲ್ಲಿ ಅತ್ತೆಯ ಎದುರು ಹೇಳಬೇಕು, ಇಲ್ಲಿ ಗಂಡಸರ ಒಂದು ಹಿಂಡು ಕೇಳಬೇಕು. ಪಾಪ, ಅವಳು ಏನು ಹೇಳಿಯಾಳು? "ನಾನು ಸೌಖ್ಯ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ." ಪ್ರತಿ ಸಲವೂ ಅಷ್ಟೇ. ಉಮ್ಮ ನನ್ನ ಹೆಂಡತಿಗಿಂತ ಹೆಚ್ಚು ಕೋಳಿಗಳ ಸುದ್ದಿ ಹೇಳುತ್ತಿದ್ದಳು.

ಒಂದು ಶುಕ್ರವಾರ ಅವಳ "ಸೌಖ್ಯ" ಮುಗಿಯಿತು. ಮಾಮ ಕೈ ಚಾಚಿ ಬಂದ್ ಮಾಡುವವರಿದ್ದರು. ಅಷ್ಟರಲ್ಲಿ ಟಕ್ ಎಂದು ಸದ್ದಾಗಿ ಹಾಡು ಶುರುವಾಯಿತು. ರೇಡಿಯೋದಿಂದ ಹಿಡಿದ ಸಿನಿಮಾ ಹಾಡು. ಹೊಸ ನಮೂನೆಯದು, ಗಿಟಾರು, ಡ್ರಮ್ಮು, ಹೆಂಗಸಿನ ದನಿ. ನೀನಿಲ್ಲದೆ ಹಾಸಿಗೆ ಮುಳ್ಳು, ನನ್ನನ್ನು ಕರೆದುಕೊಂಡು ಹೋಗು ಎಂಬ ಅರ್ಥದ್ದು. ಅತ್ತೆ ಆಚೆ ಹೋದ ಹೊತ್ತು ನೋಡಿ, ಯಾರ ಸಹಾಯವೂ ಇಲ್ಲದೆ, ಗುಂಡಿಗಳನ್ನು ತಾನೇ ಕಲಿತು, ಅವಳು ಆ ಹಾಡನ್ನು ಹಿಡಿದು ನನಗೆ ಕಳಿಸಿದ್ದಳು. ತನ್ನ ಬಾಯಲ್ಲಿ ಹೇಳಲಾಗದ್ದನ್ನು ರೇಡಿಯೋದ ಬಾಯಲ್ಲಿ ಹೇಳಿಸಿದ್ದಳು.

ನನ್ನ ಜೀವನದಲ್ಲಿ ಅಷ್ಟು ಸಂತೋಷ ನನಗೆ ಮತ್ತೆ ಆಗಿಲ್ಲ. ಮಗ ಹುಟ್ಟಿದಾಗಲೂ ಆಗಿಲ್ಲ.

ಯಾರೋ ಕಿಸಕ್ಕೆಂದರು. ಗೋಡೆಯ ಆಚೆಯಿಂದ ಎಲೆಕ್ಟ್ರಿಷಿಯನ್ ಕೂಗಿದ, "ಎಂಥಾ ಹಾಡಪಾ ಅದು! ಯಾರ್ ಕಳಿಸ್ಯಾರ?" ಮಾಮ ಟೇಪನ್ನು ಬಂದ್ ಮಾಡಿದರು. ಮುಖ ಕಪ್ಪಿಟ್ಟಿತ್ತು. ಬೆಲ್ಟು ಬಿಚ್ಚಿ, ಕೂತಲ್ಲೇ ಇದ್ದ ನನ್ನ ಮೇಲೆ ಬೀಸಿದರು. ಬಕಲು ಕಿವಿಯ ಹಿಂದೆ ಬಿತ್ತು, ಭುಜಕ್ಕೆ ಬಿತ್ತು, ತಡೆಯಲು ಹೋದ ಕೈಬೆರಳಿಗೆ ಬಿತ್ತು. "ಹತ್ತು ಗಂಡಸರ ಎದುರು! ನನ್ನ ಮನೆಯ ಹೆಣ್ಣು!" ಎನ್ನುತ್ತ ಹೊಡೆದರು. ನಾನು ಕೈ ಎತ್ತಲಿಲ್ಲ. ಅವತ್ತು ಎಷ್ಟು ಹೊಡೆದರೂ ನನಗೆ ನೋವಿರಲಿಲ್ಲ. ತಲೆಯೊಳಗೆ ಹಾಡು ಓಡುತ್ತಿತ್ತು.

ನೋವು ಬಂದದ್ದು ಆಮೇಲೆ. ಮಾಮ ಅದೇ ಕ್ಯಾಸೆಟ್ಟನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಕೆಂಪು ಗುಂಡಿ ಒತ್ತಿ, ಎಲ್ಲರೂ ಕೇಳುವಂತೆ ಮಾತಾಡಿದರು.

"ತಂಗೀ, ಈ ಕ್ಯಾಸೆಟಿನ ಆ ಬದಿಯಲ್ಲಿ, ಕೊನೆಗೆ ಒಂದು ಗಲೀಜು ಉಂಟು. ಅದನ್ನು ಅಳಿಸು. ಅದೇ ಜಾಗದಲ್ಲಿ ನಿನ್ನ ಮಾತು ಹಾಕಿ ಕಳಿಸು. ಗಲೀಜು ಮಾಡಿದವಳಿಗೆ ಸರಿಯಾಗಿ ಬುದ್ಧಿ ಕಲಿಸು."

ಮರುದಿನ ಊರಿಗೆ ಹೊರಟವರ ಚೀಲದಲ್ಲಿ ಅದು ಹೋಯಿತು. ನಾನು ಏನು ಮಾಡಬಹುದಿತ್ತು? ಮನೆಯಲ್ಲಿ ಫೋನಿಲ್ಲ. ಕಾಗದ ಬರೆದರೆ ಮೇಷ್ಟ್ರು ಜಗಲಿಯಲ್ಲಿ ಓದುತ್ತಾರೆ, ಉಮ್ಮನೇ ಮೊದಲು ಕೇಳುತ್ತಾಳೆ. ಹೆಂಡತಿಯನ್ನು ಮುಟ್ಟಲು ನನಗೆ ಇದ್ದ ಒಂದೇ ದಾರಿ ಆ ಕ್ಯಾಸೆಟ್, ಅದರ ಮೇಲೆ ಈಗ ಮಾಮ ಕೂತಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿ ಬೆರಳಿಗೆ ಇಳಿಯುತ್ತಿತ್ತು. ಉಮ್ಮನ ಕೈ ನನಗೆ ಗೊತ್ತಿತ್ತು. ತಾಳ ತಟ್ಟಿ ತಟ್ಟಿ ಗಟ್ಟಿಯಾದ ಕೈ.

ಉಮ್ಮನ ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಅದು ನನಗೆ ತಿಳಿದದ್ದು ಬಹಳ ತಡವಾಗಿ. ಆ ವರ್ಷಗಳಲ್ಲಿ ಊರಿನ ಮದುವೆ ಮನೆಗಳಿಗೂ ಕ್ಯಾಸೆಟ್ ಬಂದಿತ್ತು. ಗಲ್ಫಿನ ದುಡ್ಡಿದ್ದವರು ಮದರಂಗಿಯ ದಿನ ಮೈಕು ಕಟ್ಟಿ ಸಿನಿಮಾ ಹಾಡು ಹಾಕಿಸುತ್ತಿದ್ದರು. ಒಂದು ಮನೆಯಲ್ಲಿ ಉಮ್ಮ ಕೈ ತಟ್ಟಿ ಮೊದಲ ಸಾಲು ಎತ್ತಿದಾಗ ಹುಡುಗರು ಮೈಕಿನ ದನಿ ಜೋರು ಮಾಡಿದರಂತೆ. ಯಾರೋ ಹೆಂಗಸು, "ನೀವು ಅಡುಗೆ ಮನೆಗೆ ಬನ್ನಿ, ಅಲ್ಲಿ ಕೈ ಬೇಕು" ಎಂದಳಂತೆ. ಹಿತ್ತಲ ಗಿಡ ಮದ್ದಲ್ಲ. ಉಮ್ಮ ಅಂದು ನೀರುಳ್ಳಿ ಹೆಚ್ಚಿ ಮನೆಗೆ ಬಂದಳು. ಮತ್ತೆ ಯಾರೂ ಅವಳನ್ನು ಹಾಡಲು ಕರೆಯಲಿಲ್ಲ. ಅಂಥವಳ ಮನೆಯೊಳಗೆ ಸೊಸೆ ಅದೇ ಹಾಡನ್ನು ತಂದಿಟ್ಟಿದ್ದಳು. ಕಾರಣ ಗೊತ್ತಾಯಿತು ಎಂದು ನಾನು ಕ್ಷಮಿಸಿದೆ ಎಂದಲ್ಲ.

ಕ್ಯಾಸೆಟ್ ವಾಪಸ್ ಬಂತು. ಶುಕ್ರವಾರ, ಊಟವಾಗಿತ್ತು, ಬಿರಿಯಾನಿಯ ತಟ್ಟೆ ಇನ್ನೂ ತೊಳೆದಿರಲಿಲ್ಲ. ಪದ್ಧತಿಯಂತೆ ಸುತ್ತ ಕೂತೆವು. ಅಂದು ಎಲೆಕ್ಟ್ರಿಷಿಯನ್ ಕೂಡ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಮಾಮ ಗುಂಡಿ ಒತ್ತಿದರು. ಉಮ್ಮನ ಮಾತು, ಕೋಳಿ, ತೆಂಗಿನಕಾಯಿ, ಯಾರದೋ ಹೆರಿಗೆ. ಆಮೇಲೆ ಹಾಡು ಇದ್ದ ಜಾಗ ಬಂತು.

ಉಮ್ಮನಿಗೆ ಒಂದು ತಪ್ಪು ತಿಳುವಳಿಕೆ ಇತ್ತು. ಟೇಪ್ ರೆಕಾರ್ಡರಿನ ತೂತುಗಳಿಗೆ ಬಾಯಿ ಹತ್ತಿರ ಇಟ್ಟು ಮಾತಾಡಿದರೆ ಮಾತ್ರ ಅದು ಕೇಳಿಸಿಕೊಳ್ಳುತ್ತದೆ ಎಂದು ಅವಳು ನಂಬಿದ್ದಳು. ಊರಿನ ಎಲ್ಲ ಹೆಂಗಸರೂ ಹಾಗೆಯೇ ನಂಬಿದ್ದರು. ಬಾಯಿ ದೂರ ಸರಿಸಿದರೆ ಅದು ಕಿವಿ ಮುಚ್ಚುತ್ತದೆ ಎಂದುಕೊಂಡಿದ್ದರು. ಅದು ಇಡೀ ಕೋಣೆಯನ್ನು ಕೇಳುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಉಮ್ಮ ಹಾಡು ಅಳಿಸಲೆಂದು ಗುಂಡಿ ಒತ್ತಿದ್ದಾಳೆ. ಅಳಿಯುವಷ್ಟು ಹೊತ್ತು ಸುಮ್ಮನೆ ಕಾಯುವುದೇಕೆ ಎಂದು ಸೊಸೆಯನ್ನು ಕರೆದಿದ್ದಾಳೆ.

ಮೊದಲು ದೂರದಿಂದ ಉಮ್ಮನ ದನಿ. "ಬಾ ಇಲ್ಲಿ. ನಿಂಗೆ ಬಾಯಿ ಇರ್ಲಿಲ್ವಾ? ರೇಡಿಯೋದ ಬಾಯಲ್ಲಿ ಮಾತಾಡ್ತೀಯಾ?" ಆಮೇಲೆ ಪೆಟ್ಟು. ಅಂಗೈ ಪೂರ್ತಿಯಾಗಿ ಬಿದ್ದ ಸದ್ದು. ಮದರಂಗಿ ಹಾಡಿನಲ್ಲಿ ಉಮ್ಮ ತಟ್ಟುತ್ತಿದ್ದ ಚಪ್ಪಾಳೆಯ ಸದ್ದು ನನಗೆ ಹುಟ್ಟಿದಂದಿನಿಂದ ಗೊತ್ತು. ಇದು ಅದೇ ಕೈ. ಮತ್ತೊಂದು ಪೆಟ್ಟು. ಗಾಜಿನ ಬಳೆ ಒಡೆದದ್ದು, ತಾಮ್ರದ ಕೊಡ ಉರುಳಿದ್ದು. ನನ್ನ ಹೆಂಡತಿ, "ಇಲ್ಲ ಮಾಮಿ, ಇನ್ನು ಮಾಡೂದಿಲ್ಲ ಮಾಮಿ" ಎಂದದ್ದು. ಮತ್ತೆ ಪೆಟ್ಟು. ಆಮೇಲೆ ನಾಯಿಮರಿ ತುಳಿಸಿಕೊಂಡಾಗ ಬರುವಂಥ ಒಂದು ಸದ್ದು. ಆಮೇಲೆ ಏನೂ ಇಲ್ಲ, ಟೇಪು ಓಡುವ ಸರಸರ ಮಾತ್ರ. ಬಹಳ ಹೊತ್ತಿನ ಮೇಲೆ ಉಮ್ಮನ ದನಿ ಹತ್ತಿರ ಬಂತು, ಬಾಯನ್ನು ತೂತಿಗೆ ಇಟ್ಟು, ಉಸಿರು ಸರಿ ಮಾಡಿಕೊಂಡು.

"ಅಣ್ಣಾ, ನೀವು ಹೇಳಿದ ಹಾಗೆ ಅಳಿಸಿದೆ. ಇಲ್ಲಿ ಎಲ್ಲರೂ ಸೌಖ್ಯ."

ಮಾಮ ಕೈಯಿಂದ ಗಡ್ಡ ಸವರಿಕೊಂಡರು.

"ಸರಿ ಆಯ್ತು. ಈಗ ಬುದ್ಧಿ ಬಂದಿರ್ತದೆ."

ಬಡವನ ಕೋಪ ದವಡೆಗೆ ಮೂಲ ಎಂದು ಗಾದೆ. ಆ ದಿನ ಮೂಲವಾದದ್ದು ಮಾಮನ ದವಡೆಗೆ. ನಾನು ಟೇಪ್ ರೆಕಾರ್ಡರನ್ನು ಹಿಡಿಕೆಯಲ್ಲಿ ಎತ್ತಿ ಅವರ ಮುಖಕ್ಕೆ ಬಡಿದೆ. ಅದು ಆಗಿನ ಕಾಲದ ಯಂತ್ರ, ಕಲ್ಲಿನಷ್ಟು ಭಾರ. ಮುಂದಿನ ಹಲ್ಲು ಚಾಪೆಯ ಮೇಲೆ ಬಿತ್ತು. ಅವರು ಬೆಲ್ಟಿಗೆ ಕೈ ಹಾಕಿದರು. ಬೆಲ್ಟು ಬಿಚ್ಚಲು ಬಿಡದೆ ಬಲಭುಜಕ್ಕೆ ಬಡಿದೆ. ಒಳಗೆ ಏನೋ ಮುರಿದದ್ದು ಕೈಗೆ ಗೊತ್ತಾಯಿತು. ಬಿದ್ದವರ ಮೇಲೆ ಮತ್ತೆ ಬಡಿದೆ. ಪ್ಲಾಸ್ಟಿಕ್ಕು ಚೂರಾಗಿ, ನನ್ನ ಅಂಗೈ ಕೊಯ್ದು, ಯಾರ ರಕ್ತ ಯಾವುದು ಎಂದು ತಿಳಿಯದ ಹಾಗಾಯಿತು. ಬಿರಿಯಾನಿಯ ತಟ್ಟೆಗಳು ಕಾಲಡಿಯಲ್ಲಿ ಒಡೆಯುತ್ತಿದ್ದವು. ಬೇರೆ ಯಾರೂ ಅಡ್ಡ ಬರಲಿಲ್ಲ. ಅವರೆಲ್ಲ ಮದುವೆಯಾದವರು, ಅದೇ ಕ್ಯಾಸೆಟ್ಟನ್ನು ಕೇಳಿದವರು. ಕೊನೆಗೆ ಎಲೆಕ್ಟ್ರಿಷಿಯನ್ ಹಿಂದಿನಿಂದ ನನ್ನ ಸೊಂಟ ಹಿಡಿದು ಎತ್ತಿದ.

"ಬಿಡೋ, ಸಾಕ ಬಿಡು. ಸತ್ತಗಿತ್ತಾರು. ಖಲಾಸ್."

ಪೊಲೀಸರು ಬರುತ್ತಾರೆ, ನನ್ನನ್ನು ವಿಮಾನ ಹತ್ತಿಸುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಮೆಟ್ಟಿಲಿನಿಂದ ಬಿದ್ದೆ ಎಂದು ಮಾಮನೇ ಅಂಗಡಿಯ ಅರಬಿಗೆ ಹೇಳಿದರು. ತಾನು ವೀಸಾ ಕೊಡಿಸಿದವನ ಕೈಯಲ್ಲಿ ಪೆಟ್ಟು ತಿಂದೆ ಎಂದು ಯಾವ ಮಾಮ ಹೇಳಿಯಾರು? ಆ ಅವಮಾನಕ್ಕಿಂತ ಮುರಿದ ಭುಜ ಹಗುರ. ಆಮೇಲೆ ಅವರ ಬಲಗೈ ಎದೆಗಿಂತ ಮೇಲೆ ಏಳಲಿಲ್ಲ. ಕತ್ತರಿ ಹಿಡಿಯಲಾಗದೆ ಬಟ್ಟೆ ಕತ್ತರಿಸುವ ಕೆಲಸ ನನಗೆ ಬಂತು. ದಫ್ ಗೋಡೆಯ ಮೊಳೆಯಲ್ಲಿ ತೂಗಾಡುತ್ತ ಚರ್ಮ ಸಡಿಲಾಯಿತು. ಒಂದೇ ಅಂಗಡಿಯಲ್ಲಿ, ಒಂದೇ ಮೇಜಿನ ಆಚೆ ಈಚೆ, ನಾವು ಅನೇಕ ವರ್ಷ ಒಂದು ಮಾತೂ ಆಡದೆ ಕೆಲಸ ಮಾಡಿದೆವು. ಗಿರಾಕಿಗಳ ಪ್ಯಾಂಟಿನ ಬುಡ ಮತ್ತೆ ಕಿರಿದಾಗುತ್ತ ಬಂತು.

ನಾನು ಅವರಿಗೆ ಹೊಡೆದದ್ದಕ್ಕೆ ನನಗೆ ಇಂದಿಗೂ ಬೇಸರವಿಲ್ಲ. ಅವರು ಸಾಯುವ ಮೊದಲು ಊರಿನಿಂದ ಹೇಳಿ ಕಳಿಸಿದ್ದರು. ನಾನು ಹೋಗಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಹೆಂಡತಿ ಹೋದಳು. ಮಾಮ ಏನಂದರು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಅವಳ ಕಿವಿಯ ವಿಷಯ ಆ ಶುಕ್ರವಾರ ನನಗೆ ಗೊತ್ತಿರಲಿಲ್ಲ. ಪೆಟ್ಟು ಕೇಳಿದ್ದೆ, ಅಷ್ಟೇ. ಮುಂದಿನ ರಜೆಗೆ ಮನೆಗೆ ಹೋದಾಗ ಅವಳು ಅಡುಗೆ ಮನೆಯಲ್ಲಿ ಮೀನು ಹುರಿಯುತ್ತಿದ್ದಳು. ಎಡಬದಿಯಿಂದ ಹೋಗಿ ಅವಳ ಕಿವಿಯ ಹತ್ತಿರ ಮೆಲ್ಲನೆ ಆ ಹಾಡಿನ ಸಾಲನ್ನು ಗುನುಗಿದೆ. ನಾಚಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ತಿರುಗಲಿಲ್ಲ, ಮೀನು ಮಗುಚುತ್ತಲೇ ಇದ್ದಳು. ಮತ್ತೆ ಗುನುಗಿದೆ. ನನ್ನ ನೆರಳು ಬಾಣಲೆಯ ಮೇಲೆ ಬಿದ್ದಾಗ ಬೆಚ್ಚಿಬಿದ್ದು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಪೆಟ್ಟು ಬೀಳುತ್ತದೆ ಎಂದು ಅವಳ ಕೈಗಳು ತಿಳಿದುಕೊಂಡಿದ್ದವು.

ಉಮ್ಮ ಅಲ್ಲೇ ಮೂಲೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ನನಗೆ ಎಲ್ಲ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಒಲೆಯಿಂದ ಉರಿಯುವ ಕೊಳ್ಳಿಯನ್ನು ಎಳೆದುಕೊಂಡೆ. ಉಮ್ಮ ಎದ್ದು ನಿಂತಳು. ಓಡಲಿಲ್ಲ.

"ಹೊಡಿ," ಅಂದಳು. "ನಾನು ಹೊಡೆದದ್ದು ಹೌದು. ಕಿವಿಗೆ ತಾಗ್ಲಿ ಅಂತ ನಾನು ಹೊಡೆಯಲಿಲ್ಲ."

ಹೆಂಡತಿ ನನ್ನ ಕೈಗೆ ಜೋತುಬಿದ್ದಳು. ಕೊಳ್ಳಿಯ ಕಿಡಿ ಅವಳ ತೋಳಿನ ಮೇಲೆ ಉದುರಿದರೂ ಬಿಡಲಿಲ್ಲ. "ನಂಗೆ ಒಂದು ಕಿವಿ ಸಾಕು. ನಿಮ್ಮ ಉಮ್ಮನಿಗೆ ಕೈ ಮಾಡಿದ್ರೆ ನಾನು ಇವತ್ತೇ ಬಾವಿ ನೋಡಿಕೊಳ್ತೇನೆ." ನಾನು ಕೊಳ್ಳಿಯನ್ನು ಅಂಗಳಕ್ಕೆ ಎಸೆದು, ಗಂಜಿಯ ಮಡಕೆಯನ್ನು ಒದ್ದು ಒಡೆದೆ. ಸಂಜೆಯವರೆಗೆ ಯಾರೂ ಉಣ್ಣಲಿಲ್ಲ. ಅಂದೇ ಅವಳು ಮಾತು ತೆಗೆದುಕೊಂಡದ್ದು, ಇದು ಯಾರ ಕಿವಿಗೂ ಬೀಳಬಾರದು ಎಂದು. ಕುಟುಂಬದ ವೀಸಾ ಸಿಕ್ಕಿದ ಕೂಡಲೇ ಅವಳನ್ನು ದೋಹಾಕ್ಕೆ ಕರೆದುಕೊಂಡು ಬಂದೆ. ಉಮ್ಮನಿಗೆ ಮುಪ್ಪು ಬಂದು ಹಾಸಿಗೆ ಹಿಡಿದಾಗ ಅವಳೇ ಹೋಗಿ ಬಾಯಿಗೆ ಗಂಜಿ ಹಾಕಿದಳು. ಅವಳದು ಕ್ಷಮೆಯೋ ಹಟವೋ ನನಗೆ ಇನ್ನೂ ಗೊತ್ತಿಲ್ಲ.

ಈಗ ಮೊಮ್ಮಗಳು ಹಾಲ್‌ನಲ್ಲಿ ಕುಣಿದು ತೋರಿಸುತ್ತಿದ್ದಾಳೆ. ಫೋನಿನಲ್ಲಿ ಎಪ್ಪತ್ತರ ದಶಕದ ಹಾಡುಗಳೆಲ್ಲ ಇವೆಯಂತೆ, ಬೇಕೆಂದಾಗ ಬರುತ್ತವಂತೆ, ಯಾರೂ ಯಾವುದನ್ನೂ ಅಳಿಸುವುದಿಲ್ಲವಂತೆ. ಅವಳು ಅಜ್ಜಿಯ ಪಕ್ಕ ಧೊಪ್ಪನೆ ಕೂತು, ಬಿಳಿ ಇಯರ್‌ಬಡ್ ಒಂದನ್ನು ತನ್ನ ಕಿವಿಗೆ, ಇನ್ನೊಂದನ್ನು ಅಜ್ಜಿಯ ಕಿವಿಗೆ ಸಿಕ್ಕಿಸಿದಳು. ಹತ್ತಿರವಿದ್ದದ್ದು ಎಡಗಿವಿ. ಜ್ವರದ ಕಥೆ ಅವಳಿಗೆ ಆ ಹೊತ್ತಿಗೆ ನೆನಪಿರಲಿಲ್ಲ.

"ಕೇಳಿ ಅಜ್ಜಿ, ಇದು ನಿಮ್ಮ ಟೈಮಿನದ್ದು. ಸೂಪರ್ ಬೀಟ್."

ಯಾವ ಹಾಡೋ ನನಗೆ ಗೊತ್ತಿಲ್ಲ, ಹೊರಗೆ ಕೇಳಿಸುತ್ತಿರಲಿಲ್ಲ. ಹೆಂಡತಿ ಮುಗುಳ್ನಕ್ಕು ಸೋಫಾದ ತೋಳಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದಳು. ತಾಳ ತಪ್ಪಲಿಲ್ಲ. ಹೇಗೆ ಎಂದು ಸ್ವಲ್ಪ ಹೊತ್ತು ನೋಡಿದ ಮೇಲೆ ಗೊತ್ತಾಯಿತು. ಅವಳ ಕಣ್ಣು ಹುಡುಗಿಯ ಅಲ್ಲಾಡುವ ಕಾಲಿನ ಮೇಲಿತ್ತು. ಆ ಅಗಲದ ಪ್ಯಾಂಟಿನ ಬುಡ ಅಲ್ಲಾಡಿದಾಗೆಲ್ಲ ಇವಳ ಬೆರಳು ಬೀಳುತ್ತಿತ್ತು.

ನನ್ನೊಳಗೆ ಹಳೆಯ ಸಿಟ್ಟು ಎದ್ದಿತು. ಸತ್ತ ಮಾಮನನ್ನು ಎಬ್ಬಿಸಿ ಮತ್ತೊಮ್ಮೆ ಬಡಿಯುವಷ್ಟು ಎದ್ದಿತು. ಹೋಗಿ ಅವಳ ಎಡಗಿವಿಯಿಂದ ಇಯರ್‌ಬಡ್ ತೆಗೆದು ಬಲಗಿವಿಗೆ ಇಡಲು ಕೈ ಚಾಚಿದೆ. ಈ ಸಲವೂ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಆ ಕಿವಿ ಬೇಡ," ಎಂದು ನನ್ನತ್ತ ಬಾಗಿ ಮೆಲ್ಲನೆ ಹೇಳಿದಳು. "ಹುಡುಗಿ ಮಾತಾಡ್ತಾಳೆ, ಅದು ಕೇಳ್ಬೇಕು."